ಟೈರಿಗೆ ಹೊದಿಸಿದ ನಾಕು ಕಂಬಳಿ

ಕೆಲವರು ಮುಟ್ಟಿದ್ದೆಲ್ಲಾ ಬಂಗಾರ ಆಗ್ತೈತಂತ. ನಾನು ಮುಟ್ಟಿದ್ದರ ಹವಾ ಹೋಗತೈತಿ. ಒಂದು ಸಲ ಆದ್ರ ನಸೀಬು ಅನಬಹುದು; ನನಗ ವಾರ ವಾರ ಹಿಂಗ ಆಗ್ತೈತಿ. ಒಂಬತ್ತನೇ ಇಯತ್ತೆಯೊಳಗ ಎರಡು ಸಲ ಫೇಲಾಗಿ ಕುಂತು, ಎದ್ದು, ಗಡಹಿಂಗ್ಲಜದ ನಮ್ಮ ಮಾಮಾನ ಟೈರ್ ದುಕಾನಕ್ಕ ಸೇರಿದಾಂವ ನಾನು.

೧. ಮಾಸ್ತರ್ರ ಸೊಂಟ

ಕೊಲ್ಹಾಪುರದ ಹತ್ತಿರ ಕಾರು ಜೋರಾಗಿ ಓಡಿಸೋ ಟ್ರ್ಯಾಕ್ ಒಂದು ಐತಿ. ಕೊರೋಚಿಯ ಮಗ್ಗದ ಸಾಹುಕಾರ್ರ ಮಗ ಅಲ್ಲಿ ಹೋಗಿ ಓಡಸ್ತಾರ. ಅವರಿಗೆ ನಾವು ಶೇಟ್ ಅಂತೇವಿ. ಅವರ ಟೈರಿನ ಹವಾ ನೋಡಾಂವ ನಮ್ಮ ಮಾಮಾ. ಮಳಿಗಾಲ ಸುರುವಾದಾಗ ಮಾಮಾ ನನಗ ಪಾಠ ಹೇಳಿದ:

"ನೋಡಲೇ, ಬಿಸಲಾಗ ಓಡಿ ಓಡಿ ಟೈರ್ ಕಾಯ್ತೈತಿ, ಒಳಗಿನ ಹವಾ ಉಬ್ಬತೈತಿ. ಅದಕ್ಕ ಮೊದಲ ಕಡಿಮಿ ಇಡಬೇಕು. ಥಂಡಿ, ಮಳಿ ಇದ್ರ ಟೈರ್ ಅಷ್ಟು ಕಾಯೂದಿಲ್ಲ. ಅವತ್ತ ಮೊದಲ ಒಂಚೂರು ಜಾಸ್ತಿ ಇಡಬೇಕು."

ನನ್ನ ತಲ್ಯಾಗ ಉಳದದ್ದು ಇಷ್ಟ: ಮಳಿ ಅಂದ್ರ ಜಾಸ್ತಿ. "ಒಂಚೂರು" ಅನ್ನೂದು ಗಟಾರದಾಗ ಹರಕೊಂಡು ಹೋತು.

ಮರುದಿನ ನನ್ನನ್ನ ಫೇಲ್ ಮಾಡಿದ ಮಾಸ್ತರ್ ಸ್ಕೂಟರ್ ತಂದರು. "ಮಳಿ ಐತ್ರಿ ಸರ್, ಟ್ರ್ಯಾಕಿನ ಲೆಕ್ಕದಾಗ ಹಾಕತೇನಿ" ಅಂತ ಟೈರ್ ಕಲ್ಲಾಗೂ ಮಟ ತುಂಬಿದೆ. ನಗು ತಡಿಯಾಕ ಒರಸೋ ಅರಬಿ ಬಾಯಿಗೆ ಇಟ್ಕೊಂಡಿದ್ದೆ. ಮಾಸ್ತರು ಬಾಜೂದ ನೂಲ ಊರಿನ ಮಟ ರಸ್ತಾದ ಒಂದೊಂದ ಖಡ್ಡಾಕ್ಕೂ ಕುಣಕೋತ ಹೋಗಿ, ಸೊಂಟ ಹಿಡಕೊಂಡು ವಾಪಸ್ ಬಂದರು. ಬೈತಾರ ಅಂದುಕೊಂಡೆ. ಅವರು ಭಾಳ ಶಾಂತ ಇದ್ದರು.

"ನಿನ್ನ ಫೇಲ್ ಮಾಡಿದ್ದಕ್ಕ ಇಷ್ಟು ದಿನ ಮನಸ್ಸಿಗೆ ಕೆಟ್ಟ ಅನಸ್ತಿತ್ತಪಾ. ಇವತ್ತ ಸಮಾಧಾನ ಆತು."

೨. ಗಾಡಿಯೋ, ಎಮ್ಮಿಯೋ

ಆದ್ರೂ ಮಾಮಾ ನನ್ನನ್ನ ಟ್ರ್ಯಾಕಿಗೆ ಕರಕೊಂಡು ಹೋದ. ಶೇಟ್ ಮಾತು ಕೊಟ್ಟಿದ್ದರು: "ಕೆಲಸ ಚಲೋ ಮಾಡು, ಬಾಜೂಕ ಕೂಡಿಸ್ಕೊಂಡು ಒಂದು ಸುತ್ತ ಹೊಡಸ್ತೇನಿ." ಆ ಒಂದು ಸುತ್ತಿನ ಸಲುವಾಗಿ ನಾನು ಹಾಸಿಗ್ಯಾಗ ಮಲಕೊಂಡೂ ಕಾಲಿಲೇ ಬ್ರೇಕ್ ಒತ್ತತಿದ್ದೆ.

ಶೇಟ್ ಇಚಲಕರಂಜಿ ಕಡಿಂದ ಜೋರಾಗಿ ಓಡಿಸ್ಕೊಂಡು ಬಂದರು. "ಟೈರ್ ಕಾದಾವ, ಆರಲಿ, ಆಮ್ಯಾಲೆ ಹವಾ ನೋಡೂಣು" ಅಂದು ಮಾಮಾ ಚಹಾಕ್ಕ ಹೋದ. ನಾನು ದೊಡ್ಡ ಶ್ಯಾಣ್ಯಾ! ಬಿಸಿ ಟೈರಿಗೇ ಮೀಟರ್ ಹಚ್ಚಿದೆ. ಜಾಸ್ತಿ ತೋರಿಸ್ತು. ಮಾಸ್ತರ್ರ ಸೊಂಟ ನೆನಪಾತು. ಬುಸ್ ಅಂತ ಇಳಿಸಿ, "ಹವಾ ನೋಡೇನ್ರಿ, ಹೊಡೀರಿ" ಅಂತ ಶೇಟ್‌ಗೆ ಹೇಳಿದೆ. ಟ್ರ್ಯಾಕಿನ ನೀರಾಗ ಟೈರ್ ಆರಿದ ಮ್ಯಾಲೆ ಉಳದ ಹವಾನೂ ಕುಗ್ಗಿತು. ಕಾರು ತಿರುವಿನ್ಯಾಗ ಅತ್ತಾಗ ವಾಲಿ, ಇತ್ತಾಗ ವಾಲಿ, ಸೀದಾ ಕೆಸರಿನ್ಯಾಗ ಹೋಗಿ ಕುಂತಿತು.

ಶೇಟ್ ಇಳದು ಬಂದರು. "ಕಾಯ ರೇ, ಗಾಡಿ ಆಹೆ ಕೀ ಮ್ಹೈಸ?"

"ಎಮ್ಮೀನ ಇರಬೇಕ್ರಿ ಶೇಟ್," ಅಂದೆ. "ಕೆಸರು ಕಂಡಕೂಡ್ಲೇ ಕುಂತಿತಲ್ಲ."

ಶೇಟ್ ನಕ್ಕರು. ಮಾಮಾ ನಗಲಿಲ್ಲ. "ಇನ್ನೊಂದು ಸಲ ಹಿಂಗ ಮಾಡಿದ್ರ ಟ್ರ್ಯಾಕೂ ಇಲ್ಲ, ದುಕಾನೂ ಇಲ್ಲ. ಅಜ್ಜನ ಕೂಡ ಕುರಿ ಕಾಯಾಕ ಹೋಗು. ಅವಕ್ಕ ಹವಾ ಹಾಕೂದು ಇರೂದಿಲ್ಲ."

೩. ಫಾರಿನ್ ಪದ್ಧತಿ

ಶೇಟ್ ಒಮ್ಮೆ ಮೊಬೈಲಿನ್ಯಾಗ ತೋರಿಸಿದ್ದರು: ಫಾರಿನ್ ರೇಸಿನ್ಯಾಗ ಟೈರಿಗೆ ಕಂಬಳಿ ಹೊದಸಿ ಕಾಯಿಸ್ತಾರ. ಆ ಕಂಬಳಿಗೆ ಕರೆಂಟಿನ ವಾಯರ್ ಇತ್ತಂತ. ಅದನ್ನೊಂದು ನಾನು ನೋಡಲಿಲ್ಲ.

ಕಂಬಳಿಗೆ ನಮ್ಮ ಮನ್ಯಾಗ ಬರಗಾಲೇನ್ರಿ? ನಾವು ಕುರಿ ಮಂದಿ. ಅಜ್ಜಂದೊಂದು, ಅಜ್ಜೀದೊಂದು, ನಂದೊಂದು. ಆದ್ರ ಟೈರ್ ನಾಕು. ನಾಕನೇದು ದೇವರ ಮುಂದ ಹಾಸೋ ಕಂಬಳಿ. ಯಾರಿಗೂ ಹೇಳದ ನಾಕನ್ನೂ ಮಾಮಾನ ಗಾಡ್ಯಾಗ ತುರುಕಿದೆ.

ಟ್ರ್ಯಾಕಿನ್ಯಾಗ ಜಿಟಿಜಿಟಿ ಮಳಿ. ಮುಂಜಾನಿಂದ ನಿಂತ ಕಾರಿನ ಟೈರಿಗೆ ಕೂಸಿಗೆ ಸುತ್ತಿದಂಗ ಕಂಬಳಿ ಸುತ್ತಿದೆ. "ಮಾಮಾ, ಟೈರ್ ಕಾದಾವ, ಹವಾ ಜಾಸ್ತಿ ಬ್ಯಾಡ" ಅಂದೆ. ಮಾಮಾ ಮೀಟರ್ ಹಿಡದು ಬಗ್ಗಿದ್ದ. ಹಿಂದಿನಿಂದ ಯಾರೋ ಒದರಿದರು:

"ಲೇ, ನನ್ನ ಕಂಬಳಿ!"

ಅಜ್ಜ! ದುಕಾನದ ಬಾಜೂದವರನ್ನ ಕೇಳಿ, ಬಸ್ ಹಿಡದು, ತೊಯ್ಕೋತ ಬಂದಿದ್ದ. ಮೊದಲ ದೇವರ ಕಂಬಳಿ ಬಿಚ್ಚಿ ಕಣ್ಣಿಗೆ ಒತ್ತಿಕೊಂಡ. ಆಮ್ಯಾಲೆ ಟೈರ್ ಮುಟ್ಟಿ ನೋಡಿದ.

"ಮೈಯಾಗ ಬಿಸಿ ಇದ್ರ ಕಂಬಳಿ ಬೆಚ್ಚಗ ಇಡತೈತೋ ಹುಚ್ಚಾ. ಈ ಹೆಣಕ್ಕ ಹೊದಸಿದ್ರ ಏನಾಕ್ಕೈತಿ?"

ಮಾಮಾ ಮೀಟರ್ ನೋಡಿ, ನಾಕೂ ಟೈರಿಗೆ ಒಂಚೂರು ಹವಾ ಹೆಚ್ಚಿಗಿ ಹಾಕಿದ. ಆಮ್ಯಾಲೆ ನನ್ನ ಕಡೆ ತಿರುಗಿ ಒಂದ ಮಾತು ಅಂದ: "ಕುರಿ."

ನನ್ನ ಮಾರಿ ನೋಡಿ ಶೇಟ್‌ಗೆ ಕನಿಕರ ಬಂತು. "ಹೋಗೂಕಿಂತ ಮೊದಲ ಒಂದು ಸುತ್ತ ಬಾರೋ" ಅಂತ ಬಾಗಲಾ ತಗದರು. ನಾನು ಕೈ ಒರಸ್ಕೊಂಡು ಬರೂದರಾಗ ಅಜ್ಜ ಒಳಗ ಕುಂತಿದ್ದ. ರುಮಾಲು ನನ್ನ ಕೈಗೆ ಕೊಟ್ಟು ಹೆಲ್ಮೆಟ್ ಹಾಕಿಸ್ಕೊಂಡ. ಕಾರು ನೀರು ಸೀಳಿಕೋತ ಹೋಗಿ, ಎಲ್ಲೂ ಜಾರದ ಸುತ್ತ ಮುಗಿಸಿ ಬಂತು.

"ಹೆಂಗಿತ್ತರಿ ಅಜ್ಜಾ?" ಶೇಟ್ ಕೇಳಿದರು.

"ಇಷ್ಟು ಓಡಿ ಮತ್ತ ಹೊಂಟಲ್ಲಿಗೇ ಬಂದಿಯಲ್ಲೋ ತಮ್ಮಾ! ನಮ್ಮ ಕುರಿ ಇಷ್ಟು ಸುತ್ತಿದ್ರ ಹೊಟ್ಟೀನರ ತುಂಬಿಸ್ಕೊಂಡು ಬರ್ತಾವು."

ನನ್ನ ಸುತ್ತ ಹಂಗ ಮುಗೀತು. ತೊಯ್ದ ನಾಕೂ ಕಂಬಳಿ ನನ್ನ ತಲಿ ಮ್ಯಾಲೆ ಹೊರಿಸಿ ಅಜ್ಜ ಗಡಹಿಂಗ್ಲಜದ ಬಸ್ ಹತ್ತಿಸಿದ. ತೊಯ್ದ ಉಣ್ಣಿ ವಾಸನಿ ಬಸ್ಸಿನ ತುಂಬ. ಕಂಡಕ್ಟರ್ ಮೂಗು ಮುಚ್ಕೊಂಡು, ಸೀಟಿನ ಕೆಳಗ ಬಗ್ಗಿ ಬಗ್ಗಿ ನೋಡಿ, ಮರಾಠಿಯೊಳಗ ಗದರಿಸಿದ: ಬಸ್ಸಿನ್ಯಾಗ ಕುರಿ ತರೂಹಂಗಿಲ್ಲ, ಎಲ್ಲಿ ಬಚ್ಚಿಟ್ಟೀರಿ?

ಅಜ್ಜ ಕಂಬಳಿ ಸರಿಸಿ ನನ್ನ ಮಾರಿ ತೋರಿಸಿದ.

"ಒಂದ ಐತ್ರಿ," ಅಂದ. "ಹಾಫ್ ತಿಕೀಟ ಕೊಡ್ರಿ."