ಕ್ವಿಲ್‌ನ ಹೆಸರಿನಲ್ಲಿ ಒಂದು ಓಟ

ಮಿಸೆಸ್ ಪೆಟಿಬೋನ್ ಅವರ ವಸತಿಮನೆಯ ಬಚ್ಚಲ ಬಾಗಿಲು ನವೆಂಬರಿನ ತೇವಕ್ಕೆ ಉಬ್ಬಿ ಕಚ್ಚಿಕೊಂಡಿತ್ತು. ಕೃತಜ್ಞತೆಯ ಹಬ್ಬದ ಆ ಗುರುವಾರ ಬೆಳಿಗ್ಗೆ ಒಳಗೆ ಸಿಕ್ಕಿಬಿದ್ದವನು ಲೆಮ್ಯುಯಲ್ ಹಾರ್ಟ್‌ಸಾಕ್. ಓಹಾಯೋದ ಹೈನುಗಾರರ ಮನೆಯ ಹುಡುಗ. ಮೈ ಕಣಜದಂತೆ, ಸ್ವಭಾವ ಹತ್ತಿಯಂತೆ. ಮೆಲ್ಲಗೆ ತಟ್ಟಿದ, ಕರೆದ, ಕಾದ. ಕೊನೆಗೆ ಹೆಗಲು ಕೊಟ್ಟು ಒಮ್ಮೆ ತಳ್ಳಿದ. ಬಾಗಿಲು ಚೌಕಟ್ಟಿನ ಸಮೇತ ಕಿತ್ತುಕೊಂಡು, ಹೊರಗೆ ಟವೆಲ್ ಹಿಡಿದು ನಿಂತಿದ್ದ ರಫಸ್ ಡೆನ್ಹ್ಯಾಮನ ಮೇಲೆ ಬಿತ್ತು.

ಡೆನ್ಹ್ಯಾಮ್ ಕಾಲೇಜಿನ ಫುಟ್‌ಬಾಲ್ ತಂಡದ ನಾಯಕ. ೧೯೦೮ರ ಆ ಋತುವಿನಲ್ಲಿ ಅವನ ತಂಡ ಆಡಿದ್ದನ್ನೆಲ್ಲ ಸೋತಿತ್ತು. ಸೋತದ್ದಷ್ಟೇ ಅಲ್ಲ, ಒಂದು ಅಂಕವನ್ನೂ ಗಳಿಸಿರಲಿಲ್ಲ. ಚೆಂಡನ್ನು ಎದೆಗವುಚಿಕೊಂಡು, ಎದುರಾಳಿಗಳ ಸಾಲನ್ನು ಒಡೆದುಕೊಂಡು ಅವರ ಕೊನೆಯ ಗೆರೆ ದಾಟುವ ಆಟ ಅದು. ಇವರು ಒಡೆದುಕೊಂಡದ್ದು ಬರೀ ಮೂಗು. ಹಿಂದಿನ ದಿನ ಅಭ್ಯಾಸದಲ್ಲಿ ಹೋಬಾರ್ಟ್ ಕ್ವಿಲ್ ಎಂಬವನ ಕೈಯೂ ಮುರಿದು, ಹಬ್ಬದ ಮಧ್ಯಾಹ್ನ ಗ್ರೇಂಜರ್ ಕಾಲೇಜಿನ ವಿರುದ್ಧದ ಕೊನೆಯ ಪಂದ್ಯಕ್ಕೆ ಹತ್ತೇ ಜನ ಉಳಿದಿದ್ದರು.

"ಲೆಮ್, ಇಷ್ಟು ದಿನ ಎಲ್ಲಿದ್ಯೋ ಮಾರಾಯ?" ಬಾಗಿಲಿನ ಅಡಿಯಿಂದ ಡೆನ್ಹ್ಯಾಮನ ದನಿ ಭಕ್ತಿಯಿಂದ ಬಂತು.

"ಒಳಗೇ ಇದ್ದೆ. ಬಾಗಿಲು ತೆಗೀತಿರಲಿಲ್ಲ."

"ಇವತ್ತು ನಮ್ಮ ಕಡೆ ಆಡ್ತೀಯ ನೀನು."

"ಅಯ್ಯೋ, ಬೇಡಪ್ಪ! ಸಂಜೆ ಪ್ರೊಫೆಸರ್ ಆಶ್‌ಬರ್ನ್ ಮನೇಲಿ ಊಟ ಇದೆ."

ಗ್ರೀಕ್ ಕಲಿಸುತ್ತಿದ್ದ ಆಶ್‌ಬರ್ನರು ಫುಟ್‌ಬಾಲನ್ನು ಹೋರಿಗಳ ಜಗಳವೆಂದು ತರಗತಿಯಲ್ಲೇ ಬೈಯುತ್ತಿದ್ದರು. ಅವರ ಮಗಳು ಕೋರಾ. ಅವಳನ್ನು ಮದುವೆಯಾಗಲು ಅಪ್ಪನ ಒಪ್ಪಿಗೆ ಕೇಳುವ ಮಾತನ್ನು ಲೆಮ್ ತಿಂಗಳಿಂದ ಕನ್ನಡಿಯ ಮುಂದೆ ಉರು ಹೊಡೆಯುತ್ತಿದ್ದ.

ಅಷ್ಟರಲ್ಲಿ ಮಿಸೆಸ್ ಪೆಟಿಬೋನ್ ಸೌಟು ಹಿಡಿದು ಮೆಟ್ಟಿಲು ಹತ್ತಿ ಬಂದರು. "ನನ್ನ ಮನೇನೇ ಕೆಡವ್ತಿದ್ದೀಯೇನಪ್ಪಾ? ಆ ಗ್ರೇಂಜರ್‌ನವರ ಮೇಲೆ ಆಡಿದ್ರೆ ಸರಿ. ಇಲ್ದಿದ್ರೆ ನಿಮ್ಮಮ್ಮನ್ನ ಕರೆಸಿ ಈ ಬಾಗಿಲು ತೋರಿಸ್ತೀನಿ."

ಅಮ್ಮನ ಹೆಸರು ಕೇಳಿ ಲೆಮ್ ಕರಗಿದ. "ಆಡ್ತೀನಿ. ಆದ್ರೆ ನನ್ನ ಹೆಸರು ಯಾರ ಬಾಯಲ್ಲೂ ಬರಕೂಡದು."

"ಕ್ವಿಲ್ ಹೆಸರಲ್ಲೇ ಆಡು. ಅವನ ಕೈ ಮುರಿದದ್ದು ಊರಿಗೆ ಗೊತ್ತಿಲ್ಲ," ಎಂದ ಡೆನ್ಹ್ಯಾಮ್, ಹಣೆಯ ಬುಗುಟು ಸವರಿಕೊಳ್ಳುತ್ತ.

ಕ್ವಿಲ್‌ನನ್ನು ಮೈದಾನದ ಬಟ್ಟೆ ಬದಲಿಸುವ ಕೋಣೆಯಲ್ಲಿ ಬಚ್ಚಿಟ್ಟರು. ಅವನ ಅಂಗಿ ಲೆಮ್‌ನ ಮೈಮೇಲೆ ದಿಂಬಿಗೆ ಹಾಕಿದ ಕಾಲುಚೀಲದಂತೆ ಬಿಗಿದುಕೊಂಡಿತು. ತಲೆಗೆ ತೊಗಲಿನ ಟೋಪಿ, ಮೂಗಿಗೆ ರಬ್ಬರಿನ ಕವಚ. ಮೊದಲ ಡಿಕ್ಕಿಗೇ ಮುಖದ ಉಳಿದ ಭಾಗಕ್ಕೆ ಕೆಸರು ಮೆತ್ತಿತು. ಹೆತ್ತ ತಾಯಿಯೂ ಗುರುತಿಸುವಂತಿರಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಎರಡೂ ಕಡೆ ಅಂಕವಿಲ್ಲ. ಯಾರದೋ ಕೈಜಾರಿದ ಚೆಂಡು ಲೆಮ್‌ನ ಹೊಟ್ಟೆಗೆ ಬಡಿದು ಅಲ್ಲೇ ನಿಂತಿತು. ಅದನ್ನು ತಬ್ಬಿಕೊಂಡು ತಲೆಯೆತ್ತಿದರೆ ಬೇಲಿಯ ಆಚೆ ಕಂಡದ್ದು ಪ್ರೊಫೆಸರ್ ಆಶ್‌ಬರ್ನ್! ಆಡುವವರನ್ನು ಹಿಡಿದು ಶಿಕ್ಷಿಸಲೆಂದೇ ಬಂದಿದ್ದಾರೆಂದು ಲೆಮ್ ಹೆದರಿದ. ತಿರುಗಿ ಓಟ ಕಿತ್ತ. ಅಡ್ಡ ಬಂದ ಗ್ರೇಂಜರಿನ ಮೂವರು ಎತ್ತಲೋ ಹೋಗಿ ಬಿದ್ದರು. ಅವರ ಕೊನೆಯ ಗೆರೆ ದಾಟಿದ, ಚೆಂಡು ಎಸೆದ, ಬೇಲಿ ಹಾರಿದ, ವಸತಿಮನೆ ತಲುಪುವವರೆಗೂ ನಿಲ್ಲಲಿಲ್ಲ. ಹಿಂದೆ ಊರಿಗೆ ಊರೇ ಕಿರುಚುತ್ತಿದ್ದದ್ದು ತನ್ನನ್ನು ಹಿಡಿಯಲೆಂದೇ ಅವನು ತಿಳಿದ.

ಸಂಜೆ ಮೈ ಉಜ್ಜಿ ತೊಳೆದು, ಬಿಳಿ ಕಾಲರು ತೊಟ್ಟು, ಕುಂಟುವುದನ್ನು ಮರೆಮಾಚುತ್ತ ಆಶ್‌ಬರ್ನರ ಮನೆಗೆ ಹೋದ. ಬಾಗಿಲು ತೆರೆದ ಪ್ರೊಫೆಸರರ ಗಂಟಲು ಪೂರ್ತಿ ಕಟ್ಟಿತ್ತು.

"ಏನಯ್ಯಾ ಹಾರ್ಟ್‌ಸಾಕ್, ಮೈದಾನದಲ್ಲಿ ನಿನ್ನ ಸುಳಿವೇ ಇರಲಿಲ್ಲ?"

"ಸರ್... ನಿಮಗೆ ಆ ಆಟ ಕಂಡ್ರಾಗಲ್ಲ ಅಂತ..."

"ಬರೀ ಸೋಲೋದು ಕಂಡ್ರೆ ಆಗ್ತಿರಲಿಲ್ಲ ಕಣಯ್ಯಾ! ಇವತ್ತು ನೋಡಬೇಕಿತ್ತು! ಆ ಓಟ! ಕೈ ಮುರಿದಿದ್ರೂ ಓಡಿದ ಧೀರ! ಮುಗಿದ ಮೇಲೆ ಎಲ್ಲಾ ಹುಡುಕಿದ್ರೆ, ಪಾಪ, ಕೋಣೇಲಿ ಒಬ್ಬನೇ ಕೈ ಹಿಡ್ಕೊಂಡು ಕೂತಿದ್ದ. ಹೊಗಳಿಕೆ ಬೇಡವಂತೆ!"

ಮೇಜಿನ ಬಳಿ ಕೋರಾಳ ಪಕ್ಕದ ಕುರ್ಚಿಯಲ್ಲಿ ಕ್ವಿಲ್ ಕುಳಿತಿದ್ದ. ಕುತ್ತಿಗೆಗೆ ಕಟ್ಟಿದ ಅವನ ಕೈಯ ಕೆಳಗೆ ಅವಳು ಮೆತ್ತೆ ಇಡುತ್ತಿದ್ದಳು.

ಲೆಮ್ ಮೇಜಿನ ಬಳಿ ಬಂದ. "ಸರ್, ಓಡಿದ್ದು ನಾನು."

ಕೋರಾ ತಲೆಯೆತ್ತಿ ನೋಡಿ ಮತ್ತೆ ಮೆತ್ತೆ ಸರಿಪಡಿಸಿದಳು. ಪ್ರೊಫೆಸರರ ಹುಬ್ಬು ಗಂಟಿಕ್ಕಿತು. "ಇನ್ನೊಬ್ಬರ ಕೀರ್ತಿಗೆ ಕೈ ಹಾಕ್ತೀಯಾ? ಛೇ! ಹಬ್ಬದ ದಿನ ಅಂತ ಸುಮ್ಮನಿದ್ದೀನಿ. ಕೂತ್ಕೊ. ಅವನಿಗೆ ಒಂದೇ ಕೈ, ಮಾಂಸ ಕತ್ತರಿಸಿಕೊಡು. ಕಾಲೇಜಿಗೆ ಅಷ್ಟಾದರೂ ಉಪಯೋಗಕ್ಕೆ ಬಾ."

ಕ್ವಿಲ್ ಟರ್ಕಿಕೋಳಿಯ ತೊಡೆಯಿದ್ದ ತನ್ನ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ.

"ಸ್ವಲ್ಪ ಸಣ್ಣಗೆ, ಲೆಮ್," ಎಂದ.