ಅತ್ತೆಗೆ ಮಾತ್ರ ಹೊಡೆಯುವ ಫ್ರಿಜ್ಜು

ಶಾಕ್ ಹೊಡೆಸಿಕೊಂಡವರ ಮಾತನ್ನು ಹೊಡೆಸಿಕೊಳ್ಳದವರು ನಂಬುವುದಿಲ್ಲ. ಜ್ವರವಾದರೆ ಹಣೆ ಮುಟ್ಟಿ ನೋಡಬಹುದು, ಗಾಯವಾದರೆ ರಕ್ತ ಕಾಣುತ್ತದೆ; ಶಾಕಿಗೆ ಸಾಕ್ಷಿಯೇ ಇಲ್ಲ. ಹಾಗಾಗಿ ಒಂದು ಬೆಳಿಗ್ಗೆ ಅತ್ತೆ "ಫ್ರಿಜ್ಜು ನನಗೆ ಹೊಡೀತು" ಎಂದಾಗ, ನಾನು ಅದರ ಬಾಗಿಲು ಹಿಡಿದು ನೋಡಿ, "ಎಂತದೂ ಇಲ್ಲ ಅತ್ತೆ, ನಿಮ್ಮ ನರದ್ದೇ ಇರಬೇಕು" ಎಂದು ಬಲ್ಮಠದ ಆಫೀಸಿಗೆ ಹೊರಟುಬಿಟ್ಟೆ. ಹೊಳೆ ದಾಟಿಯೇ ಪೇಟೆಗೆ ಹೋಗಬೇಕಾದ ಬೆಂಗ್ರೆಯವರಿಗೆ ದೋಣಿ ತಪ್ಪುವುದು ಶಾಕಿಗಿಂತ ದೊಡ್ಡ ವಿಷಯ.

ಸಂಜೆ ನಾನು ಬರುವಷ್ಟರಲ್ಲಿ ಸುದ್ದಿ ಕೇರಿ ಸುತ್ತಿತ್ತು. "ಸೊಸೆ ಮುಟ್ಟಿದರೆ ಸುಮ್ಮನಿರ್ತದೆ, ನಾನು ಮುಟ್ಟಿದರೆ ಮಾತ್ರ ಹೊಡೀತದೆ" ಎಂದು ಅತ್ತೆ ಪಕ್ಕದ ಮನೆಯಲ್ಲಿ ಹೇಳಿದ್ದರು. ಅದು ಇದ್ದದ್ದು ಇದ್ದ ಹಾಗೆಯೇ. ಕೇಳಿದವರಿಗೆ ಮಾತ್ರ ಬೇರೆ ರೀತಿ ಕೇಳಿಸಿತ್ತು. "ಅತ್ತೆ ಮೀನು ತೆಗೀಬಾರದು ಅಂತ ಫ್ರಿಜ್ಜಿಗೆ ಕರೆಂಟು ಕೊಟ್ಟಿದ್ದೀಯಂತಲ್ಲ ಮಾರಾಯ್ತಿ?" ಎಂದು ಪಕ್ಕದ ಮನೆಯ ಯಶೋದಕ್ಕ ನಗುತ್ತಾ ಕೇಳಿದರು. ಒಳಗೆ ಅತ್ತೆ ನಗುತ್ತಿರಲಿಲ್ಲ; ಮಗಳ ಮನೆಗೆ ಹೋಗಲು ಚೀಲಕ್ಕೆ ಸೀರೆ ತುಂಬುತ್ತಿದ್ದರು.

ನನ್ನ ಗಂಡ ಗಲ್ಫಿನ ದಮ್ಮಾಮಿನಲ್ಲಿ ಎಲೆಕ್ಟ್ರಿಕಲ್ ಫೋರ್‌ಮನ್. ಯಾರ್ಯಾರದೋ ಮುಗಿಲೆತ್ತರದ ಕಟ್ಟಡಗಳ ಕರೆಂಟು ಕಾಯುವವರು. ಇಲ್ಲಿ ಹೆತ್ತ ತಾಯಿಗೆ ಶಾಕು. ವಿಡಿಯೋ ಕಾಲ್ ಮಾಡಿ ದೂರು ಒಪ್ಪಿಸಿದೆ. ಅವರು ಮೊದಲು ಕೇಳಿದ್ದು, "ಶೋಭಾ, ನಿನ್ನ ಕಾಲಲ್ಲಿ ಎಂತ ಉಂಟು?"

ಹಿಮ್ಮಡಿ ನೋವಿಗೆಂದು ಮನೆಯೊಳಗೂ ಹಾಕುವ ರಬ್ಬರ್ ಚಪ್ಪಲಿ ಇತ್ತು. ಅತ್ತೆಯೋ ಒರೆಸಿದ ನೆಲದಲ್ಲಿ ಬರಿಗಾಲಲ್ಲಿ ಓಡಾಡುವವರು. "ಹಾಗಾದರೆ ಅಮ್ಮ ಹೇಳಿದ್ದೇ ಸರಿ. ಇನ್ನು ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ" ಎಂದರು. ಅತ್ತೆ ಚೀಲ ಕೆಳಗಿಟ್ಟು ಫೋನಿನ ಹತ್ತಿರ ಬಂದು ಕುಳಿತರು.

ಟೆಸ್ಟರ್ ತಂದೆ. ಫ್ರಿಜ್ಜಿನ ಮೈಗೆ ಇಟ್ಟರೆ ದೀಪ ಹೊತ್ತಿತು. ವಾಷಿಂಗ್ ಮೆಷಿನ್ನಿಗೆ ಇಟ್ಟರೆ ಅಲ್ಲೂ, ಗ್ರೈಂಡರಿಗೆ ಇಟ್ಟರೆ ಅಲ್ಲೂ.

"ಎಲ್ಲ ಒಟ್ಟಿಗೆ ಹಾಳಾಯ್ತಾ?"

"ಇಲ್ಲ. ಒಂದರಲ್ಲಿ ಸೋರಿದ ಕರೆಂಟು ಅರ್ತಿಂಗ್ ತಂತಿಯಲ್ಲಿ ಎಲ್ಲದಕ್ಕೂ ಬರ್ತದೆ. ಸ್ವಿಚ್ಚು ಆರಿಸಿ ಒಂದೊಂದೇ ಪ್ಲಗ್ ತೆಗಿ."

ವಾಷಿಂಗ್ ಮೆಷಿನ್ನಿನ ಪ್ಲಗ್ ತೆಗೆದ ಮೇಲೆ ಫ್ರಿಜ್ಜಿಗೆ ಟೆಸ್ಟರ್ ಇಟ್ಟರೆ ದೀಪ ಹೊತ್ತಲಿಲ್ಲ. ಮೆಷಿನ್ನಿನ ಒಳಗಿನ ವೈರನ್ನು ಇಲಿ ಕಡಿದಿತ್ತೆಂದು ಆಮೇಲೆ ಗೊತ್ತಾಯಿತು. ಬೈಸಿಕೊಂಡದ್ದು ಮಾತ್ರ ಪಾಪದ ಫ್ರಿಜ್ಜು.

"ಸೋರಿದ್ದು ಭೂಮಿಗೆ ಹೋಗ್ಬೇಕಲ್ಲ, ಯಾಕೆ ಹೋಗ್ಲಿಲ್ಲ? ಅರ್ತಿಂಗ್ ಗುಂಡಿ ತೋರಿಸು" ಎಂದರು. ಅಂಗಳಕ್ಕೆ ಹೋದರೆ ಗುಂಡಿ ಇದ್ದಲ್ಲಿ ಇಂಟರ್‌ಲಾಕ್ ಕಲ್ಲು. ಕಾಲಿಗಂಟಿದ ಮರಳು, ನಮ್ಮ ಬಾಯಲ್ಲಿ ಹೊಯಿಗೆ, ಮನೆಯೊಳಗೆ ಬರುತ್ತದೆಂದು ನಾನೇ ಹಾಕಿಸಿದ್ದು. ನಮ್ಮದು ಬರೀ ಹೊಯಿಗೆ ನೆಲ. ಬೇಸಗೆಯಲ್ಲಿ ಗುಂಡಿಗೆ ನೀರು ಬೀಳದಿದ್ದರೆ ಕರೆಂಟನ್ನು ಎಳೆದುಕೊಳ್ಳುವುದಿಲ್ಲವಂತೆ.

"ಫೋಟೋ ಕಳಿಸಿದಾಗ ಚಂದ ಉಂಟು ಅಂದಿರಲ್ಲ?"

"ಅನ್ನದೆ ಇರ್ಲಿಕ್ಕೆ ಆಗ್ತದಾ ಮಾರಾಯ್ತಿ!"

ಮರುದಿನ ಎಲೆಕ್ಟ್ರಿಷಿಯನ್ ಲತೀಫ್ ಬಂದು ಕಲ್ಲು ಎಬ್ಬಿಸಿ, ಹೊಸ ಪೈಪು ಹುಗಿದು, ಇದ್ದಿಲು ಉಪ್ಪು ತುಂಬಿ ನೀರು ಹೊಯ್ದರು. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚನ್ನೂ ಕೂರಿಸಿದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಫೋನು ಒರಗಿಸಿಟ್ಟಿದ್ದೆ; ಇವರು ದಮ್ಮಾಮಿನಿಂದಲೇ ಇದ್ದಿಲು ಸಾಲದು, ಪೈಪು ಓರೆಯಾಯಿತು ಎನ್ನುತ್ತಿದ್ದರು. ಕೊನೆಗೆ ಲತೀಫ್, "ಅಣ್ಣಾ, ಕೆಲಸ ನೀವು ಮಾಡ್ತೀರಾ, ನಾನು ಮಾಡ್ಲಾ?" ಎಂದು ಕೇಳಿದರು.

ಅತ್ತೆ ಹಿಂಗೈಯಿಂದ ಫ್ರಿಜ್ಜನ್ನು ತಟ್ಟಿ ನೋಡಿ ಮೀನು ಹೊರತೆಗೆದರು. "ನರದ್ದಲ್ಲವಲ್ಲ?" ಎಂದರು. "ಅಲ್ಲ ಅತ್ತೆ" ಎಂದೆ. ಸೀರೆಗಳು ಕಪಾಟಿಗೆ ಮರಳಿದವು.

ಆ ದಿನಗಳಲ್ಲಿ ಇವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಫೋನ್ ಮಾಡುತ್ತಿದ್ದರು. ಮನೆಯ ಮೂಲೆಮೂಲೆ ನೋಡಿದರು, ಹೊಸ ಪರದೆ ನೋಡಿದರು, ನಾನು ಬಡಕಲಾದದ್ದನ್ನೂ ನೋಡಿದರು. ರಿಪೇರಿ ಮುಗಿದ ಮೇಲೆ ಮಾತು "ಊಟ ಆಯ್ತಾ?" ಎಂಬಲ್ಲಿಗೇ ಬಂದು ನಿಂತಿತು. ನಿನ್ನೆಯೂ "ಮತ್ತೆಂತ ವಿಶೇಷ? ಫೋನ್ ಇಡ್ತೇನೆ" ಎಂದರು.

"ಪಂಪಿನ ಸ್ವಿಚ್ಚು ಮುಟ್ಟುವಾಗ ಸ್ವಲ್ಪ ಜುಂ ಅಂದ ಹಾಗಾಯ್ತು" ಎಂದೆ. ಹಾಗೆ ಏನೂ ಆಗಿರಲಿಲ್ಲ.

"ಹೌದಾ? ವಿಡಿಯೋ ಹಾಕು, ನೋಡುವ."

ನಾನು ಮೊದಲು ಕನ್ನಡಿಯ ಮುಂದೆ ಹೋಗಿ ತಲೆ ಬಾಚಿಕೊಂಡೆ. ಆಮೇಲೆ ಟೆಸ್ಟರ್ ಹುಡುಕಿದೆ.