ಆನೈಮಲೈಯ ಹಿತೈಷಿ

ಕೊಡುವುದು ಅಂಥ ಕಷ್ಟದ ಕೆಲಸವೇನಲ್ಲ. ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡಿರುವುದಿದೆಯಲ್ಲ, ಅದು ಮನುಷ್ಯನನ್ನು ಹೈರಾಣ ಮಾಡಿಬಿಡುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿಕೊಂಡೇ ಬಂದವನು. ಆದರೆ ನಮ್ಮ ಮನೆತನದಲ್ಲಿ ಅದನ್ನು ಬೇರೆಯವರಿಗೆ ಹೇಳುವ ಮಾತೆಂದು ತಿಳಿದಿದ್ದರೇ ಹೊರತು ತಾವು ಪಾಲಿಸುವ ಮಾತೆಂದಲ್ಲ. ನಮ್ಮ ತಾತ ಕೊಯಮತ್ತೂರಿನ ಹತ್ತಿರದ ಅನ್ನೂರಿನಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಸಿಮೆಂಟು ಬೆಂಚು ಹಾಕಿಸಿಕೊಟ್ಟಿದ್ದರು. ಒರಗುವ ಕಡೆ ಕೆಂಪು ಬಣ್ಣದಲ್ಲಿ ಅವರ ಹೆಸರು, ಅವರ ಅಪ್ಪನ ಹೆಸರು, ಜೊತೆಗೆ ‘ಉಪಯ’, ಅಂದರೆ ಇವರು ಕೊಟ್ಟ ದಾನ, ಎಂಬ ಒಂದು ತಮಿಳು ಮಾತು. ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕಾಗಿ ಬಂದರೂ ತಾತ ಮಾತ್ರ ಆ ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಕೂತರೆ ಬೆನ್ನು ಹೆಸರನ್ನು ಮುಚ್ಚುತ್ತದೆ. ಬೇರೆಯವರು ಕೂತರೂ, ಸ್ವಲ್ಪ ಸರಿದು ಕೂತ್ಕೊಳ್ಳಪ್ಪಾ ಎಂದು ಅಂಚಿಗೆ ಕಳಿಸುತ್ತಿದ್ದರು. ಹೀಗಾಗಿ ಆ ಬೆಂಚಿನ ಮೇಲೆ ಇಬ್ಬರಿಗಿಂತ ಹೆಚ್ಚು ಜನ ಕೂತದ್ದನ್ನು ನಾನು ನೋಡಿಲ್ಲ.

ನಾನು ಆ ತಾತನ ಮೊಮ್ಮಗ. ಕೊಯಮತ್ತೂರಿನಿಂದ ತಿರುಪ್ಪೂರಿಗೆ ಇಪ್ಪತ್ತೆಂಟು ವರ್ಷಗಳಿಂದ ರೈಲಿನಲ್ಲಿ ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬರುತ್ತಿದ್ದೇನೆ. ಯಾವ ಬನಿಯನ್ನು ಯಾವ ಪೆಟ್ಟಿಗೆಗೆ ಸೇರಿ ಯಾವ ದೇಶಕ್ಕೆ ಹೋಗಬೇಕು ಎಂದು ನೋಡುವುದು ನನ್ನ ಕೆಲಸ. ಬನಿಯನ್ನುಗಳು ಹಡಗು ಹತ್ತುತ್ತವೆ, ನಾನು ಸಂಜೆ ಮತ್ತೆ ಅದೇ ರೈಲು ಹತ್ತುತ್ತೇನೆ. ಮಂಡಿ ಸವೆದಿದೆ, ಉತ್ಸಾಹವೂ ಸವೆದಿದೆ. ಇಪ್ಪತ್ತನೇ ತಾರೀಖಿಗೆ ಸಂಬಳವೂ ಸವೆದಿರುತ್ತದೆ. ನಮ್ಮ ಕಂಪನಿಯ ಕ್ಯಾಷಿಯರ್ ಸ್ಯಾಮುವೇಲ್ ನನಗಿಂತ ಕಡಿಮೆ ಸಂಬಳದವರು, ನನಗಿಂತ ಒಂದು ಮಗು ಹೆಚ್ಚು. ಆದರೂ ತಿಂಗಳ ಕೊನೆಯಲ್ಲಿ ಅವರ ಮುಖ ಒಂದನೇ ತಾರೀಖಿನಂತೆಯೇ ಇರುತ್ತದೆ. ಇದು ಹೇಗೆ ಎಂದು ಒಂದು ದಿನ ರೈಲಿನಲ್ಲಿ ಕೇಳಿಯೇಬಿಟ್ಟೆ.

ಅವರು ಸಂಬಳ ಕೈಗೆ ಬಂದ ದಿನ ಒಂದು ಟೀ ಕೂಡ ಕುಡಿಯುವ ಮುಂಚೆ ಹತ್ತರಲ್ಲಿ ಒಂದು ಭಾಗವನ್ನು ಬಿಳಿ ಕವರಿಗೆ ಹಾಕಿ ಎತ್ತಿಡುತ್ತಾರಂತೆ. ಅದು ದೇವರದು. ಉಳಿದದ್ದರಲ್ಲಿ ಸಂಸಾರ. ಪಿ.ಎಫ್. ಹಿಡಿದ ಮೇಲಿನ ಸಂಬಳದಲ್ಲಿ ಹತ್ತನೇ ಒಂದೋ, ಹಿಡಿಯುವುದಕ್ಕೆ ಮುಂಚಿನದರಲ್ಲೋ ಎಂದು ನಾನು ನನ್ನ ಬುದ್ಧಿ ತೋರಿಸಿದೆ. ಮುಂಚಿನದರಲ್ಲೇ, ದೇವರು ನಮಗೆ ಏನನ್ನೂ ಹಿಡಿದುಕೊಂಡು ಕೊಟ್ಟಿಲ್ಲವಲ್ಲ ಎಂದರು. ಆಮೇಲೆ ತಮ್ಮ ತಮಿಳಿನಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು: “ಪೆಟ್ಟಿಗೆ ದುಡ್ಡು ತನ್ನದು ಅಂತ ಕ್ಯಾಷಿಯರ್ ಅಂದ್ಕೊಂಡ್ರೆ ಏನಾಗುತ್ತೆ ಸಾರ್? ನಾನು ಮನೇಲೂ ಕ್ಯಾಷಿಯರೇ.”

ಒಮ್ಮೆ ತಮ್ಮ ಚರ್ಚಿನ ಸುಗ್ಗಿ ಹಬ್ಬದ ಹರಾಜಿಗೂ ನನ್ನನ್ನು ಕರೆದುಕೊಂಡು ಹೋಗಿದ್ದರು. ಭಕ್ತರು ತಂದುಕೊಟ್ಟ ಬಾಳೆಗೊನೆ, ಕೋಳಿ, ತೆಂಗಿನಕಾಯಿಗಳ ಹರಾಜು. ಒಂದು ಕುಂಬಳಕಾಯಿ ಐದು ಸಾವಿರಕ್ಕೆ ಹೋಯಿತು, ಕೂಗಿದವರ ಹೆಸರನ್ನು ಮೈಕಿನಲ್ಲಿ ಮೂರು ಸಲ ಹೇಳಿದರು. ನನಗೆ ತಾತನನ್ನು ಕಂಡಷ್ಟು ಸಂತೋಷವಾಯಿತು. ಸ್ಯಾಮುವೇಲ್ ಮಾತ್ರ ಒಂದು ಮೂಲೆಯಲ್ಲಿದ್ದ ಡಬ್ಬಿಗೆ ತಮ್ಮ ಕವರು ಹಾಕಿ, ಹೆಸರಿಲ್ಲ ಏನಿಲ್ಲ, ಕೈ ಒರೆಸಿಕೊಂಡು ಬಂದರು. ಆ ಮುಖದಲ್ಲಿದ್ದ ನಿರಾಳ ನನಗೂ ಬೇಕೆನಿಸಿತು. ನಿಜ ಹೇಳುತ್ತೇನೆ, ದಾನಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಆ ನಿರಾಳವೇ.

ಅಂದಿನಿಂದ ನಾನೂ ಬಿಳಿ ಕವರು ಶುರುಮಾಡಿದೆ. ಬಚ್ಚಿಡುವುದಕ್ಕೆ ಜಾಗ ಹುಡುಕಬೇಕಾಗಲಿಲ್ಲ. ಕೊಳ್ಳೇಗಾಲದ ಕಡೆಯಿಂದ ಬಂದ ನಮ್ಮಮ್ಮನ ಕನ್ನಡ ಪುಸ್ತಕಗಳು ಬೀರುವಿನ ಮೇಲಿವೆ. ಅಮ್ಮ ನನಗೊಬ್ಬನಿಗೆ ಹಟ ಹಿಡಿದು ಅಕ್ಷರ ಕಲಿಸಿದ್ದಳು. ನನ್ನ ಹೆಂಡತಿ ಜಯಾ, ಮಕ್ಕಳು, ನೆಂಟರು ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದುವುದಕ್ಕೆ ಒಬ್ಬರಿಗೂ ಬಾರದು. ಕೊಯಮತ್ತೂರಿನಲ್ಲಿ ಕನ್ನಡ ಪುಸ್ತಕಕ್ಕಿಂತ ಭದ್ರವಾದ ತಿಜೋರಿ ಇಲ್ಲ.

ವರ್ಷ ತುಂಬುವ ಹೊತ್ತಿಗೆ ನಮ್ಮ ಮನೆಗೆಲಸದ ಸರೋಜಾಳ ಮಗಳು ಕವಿತಾಳಿಗೆ ನರ್ಸಿಂಗ್ ಸೀಟು ಸಿಕ್ಕಿತು, ಫೀಸಿಗೆ ದುಡ್ಡಿರಲಿಲ್ಲ. ಸರೋಜಾ ಪಾತ್ರೆ ತೊಳೆಯುತ್ತ ಅಳುತ್ತಿದ್ದಳು. ಹುಡುಗಿಯನ್ನು ಬನಿಯನ್ ಕಂಪನಿಗೆ ಸೇರಿಸುವ ಮಾತಾಗಿತ್ತು, ನಮ್ಮದೇ ಕಂಪನಿಗೆ. ಆ ಹುಡುಗಿ ಮುಂದಿನ ಇಪ್ಪತ್ತೆಂಟು ವರ್ಷ ನನ್ನ ಹಾಗೆಯೇ ನಿಂತುಕೊಂಡು ಕಳೆಯುವುದು ನನಗೆ ಬೇಡವಾಗಿತ್ತು. ಅರ್ಧ ದಿನ ರಜೆ ಹಾಕಿ ಕವರುಗಳನ್ನೆಲ್ಲ ತೆಗೆದುಕೊಂಡು ಕಾಲೇಜಿಗೆ ಹೋದೆ. ಕೌಂಟರಿನಲ್ಲಿದ್ದವನು ಹೆಸರು ಕೇಳಿದ. ಹಿತೈಷಿ ಎಂದು ಹಾಕಿ ಎಂದೆ. ಊರಾದರೂ ಹೇಳಲೇಬೇಕು, ಇಲ್ಲದಿದ್ದರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ ಎಂದ. ಅಂದು ಬೆಳಿಗ್ಗೆ ತಾನೇ ಜಯಾಳ ತಮ್ಮ ಮೂರ್ತಿ ಆನೈಮಲೈಯಿಂದ ತೆಂಗಿನಕಾಯಿ ಮೂಟೆ ತಂದು ಹಾಕಿ ಹೋಗಿದ್ದ. ನನ್ನ ಬಾಯಿಗೆ ಅದೇ ಊರು ಬಂತು.

ಮೂರನೇ ದಿನ ಸರೋಜಾ ರಸೀದಿ ಹಿಡಿದುಕೊಂಡು ಬಂದಳು. ‘ಒಬ್ಬ ಹಿತೈಷಿ, ಆನೈಮಲೈ.’ ಅವಳಿಗೆ ಗೊತ್ತಿರುವ ಆನೈಮಲೈಯವನು ಭೂಮಿಯ ಮೇಲೆ ಒಬ್ಬನೇ. ಜಯಾ ಕೂಡಲೇ ತಮ್ಮನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಮೂರ್ತಿ, ಅಕ್ಕ ಏನು ಹೇಳುತ್ತಿದ್ದಾಳೆಂದು ಒಂದು ನಿಮಿಷ ಕೇಳಿಸಿಕೊಂಡ. ಆಮೇಲೆ ಬಹಳ ಮೆತ್ತಗೆ, “ಅದೆಲ್ಲಾ ಈಗ ಏನಿಕ್ಕೆ ಅಕ್ಕಾ, ಬಿಡು” ಎಂದ. ಸುಳ್ಳು ಎನ್ನುವ ಹಾಗಿಲ್ಲ, ನಿಜ ಎನ್ನುವ ಹಾಗಿಲ್ಲ. ನಿಜವಾಗಿ ಕೊಟ್ಟ ನಾನು ಕೂಡ ಅಷ್ಟು ವಿನಯವಾಗಿ ಹೇಳಲಾರದ ಮಾತು.

“ನೋಡಿ ಕಲ್ತ್ಕೊಳ್ಳಿ,” ಎಂದಳು ಜಯಾ ನನ್ನ ಕಡೆ ತಿರುಗಿ. “ಒಂದು ಪೆರುಮೆ ಇಲ್ಲ, ಜಂಬ ಇಲ್ಲ ನನ್ ತಮ್ಮಂಗೆ. ನೀವು ಯಾರ್ಗಾದ್ರೂ ಒಂದು ಟೀ ಕುಡ್ಸಿದ್ರೆ ಮೂರು ದಿನ ಹೇಳ್ತೀರಿ.”

ಹೇಳುತ್ತೇನೆ, ನಿಜ. ಅದಕ್ಕೇ ಉರಿಯಿತು. ಮುಂದಿನ ತಿಂಗಳು ಮೂರ್ತಿ ಬಂದಾಗ ಸರೋಜಾ ಅವನಿಗೆಂದು ಅತಿರಸ ಮಾಡಿ ತಂದಳು, ಕವಿತಾ ಕಾಲಿಗೆ ಬಿದ್ದಳು. ಅವನು ಕೈಯೆತ್ತಿ ಆಶೀರ್ವಾದ ಮಾಡಿದ. ಅತಿರಸದ ಡಬ್ಬಿಯನ್ನು ಬಸ್‌ಸ್ಟ್ಯಾಂಡಿನವರೆಗೆ ಹೊತ್ತವನು ನಾನು. ದಾರಿಯಲ್ಲಿ ಮೂರ್ತಿ, “ಭಾವಾ, ಯಾರೋ ಪುಣ್ಯಾತ್ಮ ಕೊಟ್ಟವ್ನೆ, ಪಾಪ” ಎಂದ. ಆ ‘ಪಾಪ’ ಯಾರಿಗೆ ಸೇರಿದ್ದೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ತಡೆಯಲಾರದೆ ರೈಲಿನಲ್ಲಿ ಸ್ಯಾಮುವೇಲರ ಮುಂದೆ ಎಲ್ಲವನ್ನೂ ಕಕ್ಕಿದೆ. ಅವರು ಪೂರ್ತಿ ಕೇಳಿ, ಒಂದು ನಿಟ್ಟುಸಿರು ಬಿಟ್ಟು, “ಈಗ ನನಗೆ ಹೇಳಿಬಿಟ್ರಲ್ಲಾ ಸಾರ್” ಎಂದರು. ಅಷ್ಟೆ. ಸಮಾಧಾನವೂ ಇಲ್ಲ, ಬೈಗುಳವೂ ಇಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಹೊಟ್ಟೆಕಿಚ್ಚಿಗೊಂದು ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದೆ. ಈ ಜೂನಿನಲ್ಲಿ ಕವಿತಾಳ ಎರಡನೇ ವರ್ಷದ ಫೀಸು ಬಂತು. ಸರೋಜಾ ಈ ಸಲ ಅಳಲಿಲ್ಲ, ಆನೈಮಲೈ ಅಣ್ಣ ಇದ್ದಾರಲ್ಲ ಎಂದು ಹಾಡಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಆನೈಮಲೈ ಅಣ್ಣ ತೆಂಗಿನಕಾಯಿ ರೇಟು ಬಿದ್ದುಹೋಗಿದೆ ಎಂದು ಆ ತಿಂಗಳು ಈ ಕಡೆ ತಲೆಯೇ ಹಾಕಲಿಲ್ಲ. ಕಟ್ಟುವ ಕಡೆಯ ದಿನ ಹತ್ತಿರ ಬಂತು. ನಾನು ಸುಮ್ಮನಿದ್ದರೆ ಮೂರ್ತಿಯ ಬಣ್ಣ ಬಯಲಾಗುತ್ತದೆ, ನಿಜ. ಎರಡು ದಿನ ಆ ಸುಖವನ್ನು ಮನಸ್ಸಿನಲ್ಲೇ ಚಪ್ಪರಿಸಿದೆ. ಆದರೆ ಅದರ ಬೆಲೆ ತೆರುವವಳು ಆ ಹುಡುಗಿ. ಕವಿತಾ ಆ ವಾರ ಬಿಳಿ ಯೂನಿಫಾರ್ಮಿನಲ್ಲಿ ಮನೆಗೆ ಬಂದು, ಕೇಳದೆಯೇ ನನ್ನ ರಕ್ತದೊತ್ತಡ ನೋಡಿದಳು. ಜಾಸ್ತಿ ಇದೆ, ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಬೇಡಿ ಎಂದಳು. ಮರುದಿನ ಮತ್ತೆ ಅರ್ಧ ದಿನ ರಜೆ ಹಾಕಿದೆ. ಕೌಂಟರಿನವನು ನನ್ನನ್ನು ಗುರುತು ಹಿಡಿದು, ಆನೈಮಲೈ ತಾನೇ ಎಂದ. ಹೂಂ ಎಂದೆ.

ಇಷ್ಟನ್ನೂ ಈಗ ಬರೆದು ಹಗುರಾಗುತ್ತಿದ್ದೇನೆ, ಕನ್ನಡದಲ್ಲಿ. ನನ್ನ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಇದನ್ನು ಓದಬಲ್ಲವರು ಯಾರೂ ಇಲ್ಲವಾದ್ದರಿಂದ ಇದು ಹೇಳಿದಂತಾಗುವುದಿಲ್ಲ ಎಂದು ನನ್ನ ವಾದ. ಸ್ಯಾಮುವೇಲ್ ಒಪ್ಪುತ್ತಾರೋ ಇಲ್ಲವೋ, ಕೇಳಿಲ್ಲ. ಈಗ ತಾನೇ ಜಯಾ ಕಾಫಿ ತಂದಿಟ್ಟು ಹಾಳೆಯ ಕಡೆ ಬಗ್ಗಿ ನೋಡಿದಳು. “ಏನು, ಪತ್ರಿಕೆಗಾ? ಹಂಗಾದ್ರೆ ನಮ್ ಮೂರ್ತಿ ಫೀಸ್ ಕಟ್ಟಿದ್ದೂ ನಾಲ್ಕು ಮಾತು ಬರೀರಿ, ಜನಕ್ಕೆ ಗೊತ್ತಾಗ್ಲಿ” ಎಂದಳು.

“ಅದನ್ನೇ ಬರೀತಾ ಇದೀನಿ” ಎಂದೆ.

ಸಂತೋಷದಿಂದ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಸಂಪಾದಕರಿಗೆ ಮಾತ್ರ ಬೇರೆ ಒಂದು ಚೀಟಿ ಬರೆದು ಇದರ ಜೊತೆಗಿಟ್ಟಿದ್ದೇನೆ: ಲೇಖನ ಎಲ್ಲಿ ಬೇಕಾದರೂ ಹಾಕಿಕೊಳ್ಳಿ, ಹೆಸರು ಮಾತ್ರ ಸ್ವಲ್ಪ ದಪ್ಪ ಅಕ್ಷರದಲ್ಲಿರಲಿ, ಮೇಲೆ ಚಿತ್ರಗಿತ್ರ ಬಂದು ಮುಚ್ಚಿಹೋಗದಂತೆ ನೋಡಿಕೊಳ್ಳಿ.